ಕೈ ಕೂಡದ ಫ್ಲಾಪ್‌ನಲ್ಲಿ ಎಷ್ಟು ಕಟ್ಟಬೇಕು?

ಶಾಂತಿಗ್ರಾಮ, ಹೊಳೆನರಸೀಪುರದ ಕಡೆ ಯುಗಾದಿ ಮಾರನೇ ದಿನದ ಹೊಸತೊಡಕಿಗೆ 101ರ ರಮ್ಮಿಗೆ ಕೂರುವವರು ಎಲೆ ಕೆಳಗಿಡಲು ನಾಚುವುದಿಲ್ಲ. ಹದಿಮೂರು ಎಲೆಯಲ್ಲಿ ಜೋಕರೂ ಇಲ್ಲ, ಸಾಲೂ ಇಲ್ಲ ಅಂದರೆ ಮೊದಲ ಸರದಿಯಲ್ಲೇ ಡ್ರಾಪ್ ಅಂದು 20 ಬರೆಸಿಕೊಳ್ಳುತ್ತಾರೆ. ಒಂದೆಲೆ ಎತ್ತಿ ನೋಡಿ ಬಿಟ್ಟರೆ 40, ಹಟಕ್ಕೆ ಕೂತು ಸೋತರೆ 80ರವರೆಗೆ. 101 ಮುಟ್ಟಿದವರು ಆಟದಿಂದಲೇ ಹೊರಗೆ. ಇದೇ ಜನ ಪೋಕರ್ ಟೂರ್ನಮೆಂಟಿಗೆ ಕೂತಾಗ ಈ ವಿವೇಕ ಮರೆತುಬಿಡುತ್ತಾರೆ. ಏರಿಸಿದವರು ನಾವು, ಹಾಗಾಗಿ ಕೊನೆವರೆಗೂ ನಾವೇ ಕಟ್ಟಬೇಕು ಅನ್ನುವ ಹಟ ಹಿಡಿಯುತ್ತದೆ. ಫ್ಲಾಪ್ ಕೂಡದಿದ್ದಾಗ ಒಂದು ಸಲ, ಚಿಕ್ಕದಾಗಿ, ಅದೂ ನಮಗೆ ಒಗ್ಗುವ ಎಲೆ ಬಿದ್ದಾಗ ಮಾತ್ರ ಕಟ್ಟಬೇಕು ಎಂಬುದು ನನ್ನ ವಾದ.

ಫ್ಲಾಪ್ ಎಂದರೆ ನಡುವೆ ಮೊದಲು ತೆರೆಯುವ ಮೂರು ಎಲೆ. ಜೋಡಿಯಲ್ಲದ ಎರಡೆಲೆ ಹಿಡಿದವರಿಗೆ ಅಲ್ಲಿ ಜೋಡಿಯಾದರೂ ಸಿಗುವುದು ನೂರಕ್ಕೆ ಸುಮಾರು 32 ಸಲ. ಎದುರಾಳಿಯ ಕಷ್ಟವೂ ಇಷ್ಟೇ, ನಮ್ಮ ಮೊದಲ ಪಣಕ್ಕೆ ಬಲ ಬರುವುದು ಇದರಿಂದ. ಬ್ಲೈಂಡ್ (ಎಲೆ ನೋಡುವ ಮೊದಲೇ ಇಬ್ಬರು ಕಟ್ಟಲೇಬೇಕಾದ ಪಣ, ದೊಡ್ಡದು ಬಿಗ್ ಬ್ಲೈಂಡ್) 500-1000, ನಮ್ಮ ಹತ್ತಿರ 30,000 ಚಿಪ್ಸ್, ಕೈಯಲ್ಲಿ ಎಕ್ಕ-ರಾಣಿ ಎಂದುಕೊಳ್ಳಿ. 2200ಕ್ಕೆ ಏರಿಸಿದೆವು, ಬಿಗ್ ಬ್ಲೈಂಡ್‌ನವರೊಬ್ಬರೇ ಕೂಡಿಕೊಂಡರು, ನಡುವೆ ಸೇರಿದ ಪಣ, ಅಂದರೆ ಪಾಟ್, 4900. ಬಿದ್ದದ್ದು ಆಟೀನ್ ರಾಜ, ಇಸ್ಪೀಟ್ ಏಳು, ಕಳಾವರ್ ಎರಡು. ಇಲ್ಲಿ 1600 ಕಟ್ಟಿದರೆ, ಎದುರಿನವರು ನಾಲ್ಕರಲ್ಲಿ ಒಂದು ಸಲ ಎಲೆ ಬಿಟ್ಟರೂ ನಷ್ಟವಿಲ್ಲ. ಇಡೀ ಪಾಟಿನಷ್ಟು ಕಟ್ಟಿದರೆ ಎರಡಕ್ಕೆ ಒಂದು ಸಲ ಬಿಡಬೇಕಾಗುತ್ತದೆ. ನಮ್ಮ ಕೈ ಕಾಣದ ಅವರ ಲೆಕ್ಕದಲ್ಲಿ ರಾಜ ನಮ್ಮ ಹತ್ತಿರ ಇರುವ ಸಂಭವ ಅವರಿಗಿಂತ ಹೆಚ್ಚು, ಏಕೆಂದರೆ ಎಕ್ಕ-ರಾಜದಂಥ ಕೈ ಅವರಲ್ಲಿದ್ದಿದ್ದರೆ ಮೊದಲೇ ತಿರುಗಿ ಏರಿಸುತ್ತಿದ್ದರು. ಅದೇ ಒಂಬತ್ತು, ಎಂಟು, ಏಳು ಬಿದ್ದಿದ್ದರೆ ಮಾತೇ ಬೇರೆ. ಅಗ್ಗದಲ್ಲಿ ಕೂಡಿಕೊಂಡ ಬಿಗ್ ಬ್ಲೈಂಡ್‌ನವರಲ್ಲಿ ಹತ್ತು-ಒಂಬತ್ತು, ಆರು-ಐದರಂಥ ಎಲೆ ತುಂಬ ಇರುತ್ತವೆ. ಅಲ್ಲಿ ಚೆಕ್ ಅಂದು ಮುಂದಿನ ಎಲೆಯನ್ನು ಪುಕ್ಕಟೆ ನೋಡುವುದೇ ಸರಿ.

ಈಗ ನಿಜವಾದ ಪರೀಕ್ಷೆ. ರಾಜದ ಫ್ಲಾಪ್‌ನಲ್ಲಿ ನಮ್ಮ 1600ಕ್ಕೆ ಅವರು ಕಾಲ್ ಮಾಡಿದರು, ಪಾಟ್ 8100 ಆಯಿತು. ನಾಲ್ಕನೆಯ ಎಲೆ ಮೂರು, ನಮಗೇನೂ ಕೂಡಲಿಲ್ಲ. ಇಲ್ಲಿ 5400 ಕಟ್ಟುವವರು ಬಹಳ. ಆ ಪಣ ಗಿಟ್ಟಬೇಕಾದರೆ ಅವರು ನೂರಕ್ಕೆ 40 ಸಲ ಬಿಡಬೇಕು. ಮೊದಲ ಪಣಕ್ಕೆ 25 ಸಾಕಿತ್ತು. ಏನೂ ಇಲ್ಲದವರು ಆಗಲೇ ಬಿಟ್ಟುಹೋಗಿದ್ದಾರೆ, ಉಳಿದವರ ಕೈಯಲ್ಲಿ ಏನೋ ಇದೆ. ನಮಗೆ ಬೇಕಾದ ಪಾಲು ಏರುವ ಹೊತ್ತಿಗೇ ಸಿಗುವ ಪಾಲು ಇಳಿದಿರುತ್ತದೆ. ಮೂರರ ಬದಲು ಗುಲಾಮ ಬಿದ್ದಿದ್ದರೆ ಎರಡನೇ ಪಣಕ್ಕೆ ನಾನೂ ಒಪ್ಪುತ್ತೇನೆ: ಹತ್ತು ಬಂದರೆ ಎಕ್ಕದವರೆಗಿನ ಸಾಲು ನಮ್ಮದು.

ಹೆದರಿ ಕೂತರೆ ಬ್ಲೈಂಡೇ ನುಂಗಿಹಾಕುತ್ತದಲ್ಲ ಎಂದು ಕೇಳುವವರಿದ್ದಾರೆ. ಹತ್ತು ಬ್ಲೈಂಡ್ ಉಳಿದವರ ಮಟ್ಟಿಗೆ ಅದು ನಿಜ. ಆದರೆ ಅವರು ಫ್ಲಾಪ್‌ಗೂ ಮೊದಲೇ ಎಲ್ಲವನ್ನೂ ಒಡ್ಡಬೇಕಾದವರು, ಈ ಪ್ರಶ್ನೆ ಅವರದಲ್ಲ. ಮೂವತ್ತು ಬ್ಲೈಂಡ್ ಇರುವವರಿಗೆ ಟೂರ್ನಮೆಂಟಿನ ಬಹುಮಾನದ ರೀತಿಯೇ ಉತ್ತರ ಕೊಡುತ್ತದೆ. ಗೆದ್ದವರ ಮುಂದೆ ಕೊನೆಗೆ ಎಲ್ಲ ಚಿಪ್ಸೂ ಬಂದು ಬೀಳುತ್ತವೆ, ಬಹುಮಾನದ ಹಣವೆಲ್ಲ ಬರುವುದಿಲ್ಲ. ಎರಡು, ಮೂರನೆಯವರಿಗೂ ಪಾಲಿದೆ. ಹಾಗಾಗಿ ಗಳಿಸುವ 5400ಕ್ಕಿಂತ ಕಳೆದುಕೊಳ್ಳುವ 5400ಕ್ಕೆ ತೂಕ ಹೆಚ್ಚು. ಚಿಕ್ಕ ಪಣಕ್ಕೆ ಎದುರಿನವರು ತಿರುಗಿ ಏರಿಸಿದರೆ ಎಂಬ ಆಕ್ಷೇಪವೂ ಉಂಟು. ಏರಿಸಲಿ, ನಾವು 1600 ಕೊಟ್ಟು ಎದ್ದೇವು. ಅದು ರಮ್ಮಿಯ 20.

ಇನ್ನು ಕಾನೂನಿನ ಮಾತು: ಕೌಶಲದ ಆಟವಾಗಿ ಆಡಿದರೆ ಪೋಕರ್‌ಗೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತ್ತು. 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ. ಆದರೆ ಈ ಲೆಕ್ಕ ಕಲಿಯಲು ಹಣವೇನೂ ಬೇಕಿಲ್ಲ, ಮನೆಯ ಚಾಪೆಯ ಮೇಲೆ ಹುಣಸೆಬೀಜ ಇಟ್ಟು ಆಡಿದರೂ ಆ ನಾಲ್ಕನೆಯ ಎಲೆಯ ಮುಂದೆ ಕೈ ತಡೆಯುವುದು ಅಷ್ಟೇ ಕಷ್ಟ.