ಅನಾಮತ್ತು ಖಾತೆಯಲ್ಲಿ ಒಂದು ವರ್ಷ

ಬಸದಿಯ ಜಗಲಿಯಲ್ಲಿ ಮಾತಿಗೆ ಕುಳಿತ ಹಿರಿಯರು, ಮನಸ್ಸು ಒಡೆದ ದಂಪತಿಗಳ ಪ್ರಸ್ತಾಪ ಬಂದಾಗ, "ಅರ್ಧ ವಿಚ್ಛೇದನ ಆಗಿದೆಯಂತೆ" ಎನ್ನುವುದುಂಟು. ಅವರು ಸೂಚಿಸುವುದು 1955ರ ಹಿಂದೂ ವಿವಾಹ ಅಧಿನಿಯಮದ 10ನೆಯ ಕಲಮಿನ ನ್ಯಾಯಿಕ ಪ್ರತ್ಯೇಕತೆಯನ್ನು. ಈ ಅಧಿನಿಯಮ ಜೈನರಿಗೂ ಅನ್ವಯಿಸುತ್ತದೆ. 2014ರ ಅಲ್ಪಸಂಖ್ಯಾತ ಮಾನ್ಯತೆಯಿಂದ ಅದು ಬದಲಾಯಿತೆಂದು ಭಾವಿಸಿದ ಇಂದೋರಿನ ಕುಟುಂಬ ನ್ಯಾಯಾಲಯದ ಆದೇಶವನ್ನು 2025ರ ಮಾರ್ಚ್‌ನಲ್ಲಿ ಮಧ್ಯಪ್ರದೇಶ ಉಚ್ಚ ನ್ಯಾಯಾಲಯ ರದ್ದುಪಡಿಸಿತು.

'ಅರ್ಧ' ಎಂಬ ಮಾತು ಲೆಕ್ಕದಲ್ಲಿಯೇ ತಪ್ಪು. ಪ್ರತ್ಯೇಕತೆಯ ಡಿಕ್ರಿಯಾದ ಮೇಲೂ ವಿವಾಹ ಪೂರ್ಣವಾಗಿ ಉಳಿದಿರುತ್ತದೆ. ಕೂಡಿ ಬಾಳಬೇಕೆಂಬ ಬಾಧ್ಯತೆಯಷ್ಟೇ ಇಲ್ಲವಾಗುತ್ತದೆ. ಇಬ್ಬರೂ ಮರುವಿವಾಹವಾಗುವಂತಿಲ್ಲ. ಪತಿ ಉಯಿಲು ಬರೆಯದೆ ಗತಿಸಿದರೆ ಪತ್ನಿ ಪ್ರಥಮ ವರ್ಗದ ವಾರಸುದಾರಳೇ. ಮನಸ್ಸು ಕೂಡಿದರೆ ಡಿಕ್ರಿಯನ್ನು ರದ್ದುಪಡಿಸುವಂತೆ ನ್ಯಾಯಾಲಯವನ್ನು ಕೇಳಬಹುದು. ನಮ್ಮ ಅಂಗಡಿಯ ಭಾಷೆಯಲ್ಲಿ ಇದು ಮುಚ್ಚಿದ ಖಾತೆಯಲ್ಲ, ಅನಾಮತ್ತು ಖಾತೆ.

ನನ್ನ ಆಕ್ಷೇಪವಿರುವುದು ಮುಂದಿನ ಹೆಜ್ಜೆಯ ಬಗೆಗೆ. ಡಿಕ್ರಿಯ ತರುವಾಯ ಒಂದು ವರ್ಷ ಸಹಜೀವನ ಪುನರಾರಂಭವಾಗದಿದ್ದರೆ ವಿಚ್ಛೇದನ ಕೇಳಬಹುದೆಂದು 13ನೆಯ ಕಲಮು ಹೇಳುತ್ತದೆ. ಮೊದಲು ಈ ಅವಧಿ ಎರಡು ವರ್ಷವಿತ್ತು. ಆಗ ಕ್ರೌರ್ಯಕ್ಕಾಗಲಿ ಪರಿತ್ಯಾಗಕ್ಕಾಗಲಿ ನೇರವಾಗಿ ವಿಚ್ಛೇದನ ದೊರೆಯುತ್ತಿರಲಿಲ್ಲ. ಪ್ರತ್ಯೇಕತೆಯ ಮೆಟ್ಟಿಲನ್ನು ಹತ್ತಲೇಬೇಕಾಗಿತ್ತು. 1976ರ ತಿದ್ದುಪಡಿ ಆ ಅನಿವಾರ್ಯತೆಯನ್ನು ತೆಗೆಯಿತು. ಆದುದರಿಂದ ಹೊಡೆತ ತಿಂದ ಹೆಣ್ಣುಮಗಳಿಗೆ "ಇನ್ನೊಂದು ವರ್ಷ ನೋಡಮ್ಮ" ಎನ್ನುವ ಹಿರಿಯರ ಪಕ್ಷ ನನ್ನದಲ್ಲ. ಆಕೆಗೆ ನೇರ ದಾರಿಯಿದೆ.

ಆದರೆ ಬೇಕೆಂದೇ ಪ್ರತ್ಯೇಕತೆಯನ್ನು ಆರಿಸಿಕೊಂಡವರಿಗೆ ಆ ವರ್ಷ ಏತಕ್ಕೆ? ಕಲಮು ದಿನಗಳನ್ನು ಎಣಿಸುತ್ತದೆ. ಆ ದಿನಗಳಲ್ಲಿ ಯಾರು ಏನು ಮಾಡಿದರೆಂದು ಕೇಳುವುದಿಲ್ಲ. 1964ರವರೆಗೆ ಡಿಕ್ರಿ ಪಡೆದವರಿಗೆ ಮಾತ್ರವಿದ್ದ ಹಕ್ಕನ್ನು ಆ ವರ್ಷದ ತಿದ್ದುಪಡಿಯು ಡಿಕ್ರಿಗೆ ಒಳಗಾದವರಿಗೂ ನೀಡಿತು. ಕೂಡಿ ಬಾಳಲು ಒಪ್ಪದಿರುವುದಷ್ಟೇ ದೋಷವಾಗದೆಂದು ಸರ್ವೋಚ್ಚ ನ್ಯಾಯಾಲಯವೂ 1977ರಲ್ಲಿ ಹೇಳಿತು.

ಇದಕ್ಕೊಂದು ಮಿತಿ ಬಿದ್ದುದು 2001ರಲ್ಲಿ, ಕರ್ನಾಟಕದ ಪ್ರಕರಣವೊಂದರಲ್ಲಿ. ಪತಿಯ ಪರಸ್ತ್ರೀ ಸಂಬಂಧದ ಕಾರಣ ಪತ್ನಿ ಪ್ರತ್ಯೇಕತೆಯ ಡಿಕ್ರಿ ಪಡೆದಿದ್ದಳು. ಪತ್ನಿಗೆ ತಿಂಗಳಿಗೆ 100 ರೂಪಾಯಿ, ಮಗಳಿಗೆ 75 ರೂಪಾಯಿ ಕೊಡಬೇಕೆಂದು ಆದೇಶವಾಗಿತ್ತು. ಆತ ಅದನ್ನೂ ಕೊಡಲಿಲ್ಲ, ಆ ಸಂಬಂಧವನ್ನೂ ಬಿಡಲಿಲ್ಲ. ವರ್ಷ ಕಳೆಯಿತೆಂದು ವಿಚ್ಛೇದನ ಕೇಳಿದ. ವರ್ಷ ಕಳೆದ ಮಾತ್ರಕ್ಕೆ ಹಕ್ಕು ತಾನಾಗಿ ಹುಟ್ಟುವುದಿಲ್ಲ, ಡಿಕ್ರಿಯ ನಂತರವೂ ಪತಿಯ ಕರ್ತವ್ಯಗಳಿವೆ ಎಂದು ಸರ್ವೋಚ್ಚ ನ್ಯಾಯಾಲಯ ನಿರಾಕರಿಸಿತು. ನನಗೆ ತಿಳಿದಮಟ್ಟಿಗೆ ಈ ಕಲಮಿನ ಅತ್ಯುತ್ತಮ ವ್ಯಾಖ್ಯಾನ ಇದೇ. ಒಂದು ನೂರ ಎಪ್ಪತ್ತೈದು ರೂಪಾಯಿ! ದೊಡ್ಡ ಮೊತ್ತವಲ್ಲ, ಆದರೂ ನ್ಯಾಯಾಲಯ ಅದನ್ನು ಲೆಕ್ಕಕ್ಕೆ ಹಿಡಿಯಿತು.

ನಾವು ಹಿಡಿಯುವುದಿಲ್ಲ. ಬೇರ್ಪಟ್ಟವರ ಮನೆಗೆ ಆ ವರ್ಷದಲ್ಲಿ ಹೋಗಿ ಬಂದ ಹಿರಿಯರೆಷ್ಟು ಮಂದಿ? ನಾನು ಸದಸ್ಯನಾಗಿದ್ದ ಟ್ರಸ್ಟೊಂದರಲ್ಲಿ ಕುಟುಂಬಗಳ ಪಟ್ಟಿ ಅಚ್ಚಿಗೆ ಹೋಗುವ ಮುನ್ನ ಒಬ್ಬ ಸೊಸೆಯ ಹೆಸರನ್ನು ತೆಗೆಯಲಾಯಿತು. ಕರಡು ತಿದ್ದಿ ಸಹಿ ಹಾಕಿದವನು ನಾನೇ. ಪಟ್ಟಿ ಕೈಗೆ ಬಂದಾಗ ತಾಯಿಯ ಹೆಸರನ್ನು ಹುಡುಕಿದವನು ಆಕೆಯ ಹತ್ತು ವರ್ಷದ ಮಗ. ಡಿಕ್ರಿಯಾಗಿ ಆಗ ನಾಲ್ಕು ತಿಂಗಳಾಗಿತ್ತಷ್ಟೆ.