ಅಡುಗೆಕಟ್ಟೆಗೂ ಎರಡು ಕಿವಿ

ಈಚೆಗೆ ನಮ್ಮ ಊರುಗಳಲ್ಲಿ ಏಳುತ್ತಿರುವ ಮನೆಗಳಲ್ಲಿ ಗೋಡೆಗಳಿಗೆ ಬರಗಾಲ. ನಡುಮನೆ, ಊಟದ ಜಾಗ, ಅಡುಗೆಮನೆ ಮೂರೂ ಸೇರಿ ಒಂದೇ ಬಯಲು. ನೋಡಲು ಚೆಂದ, ಗಾಳಿ ಬೆಳಕಿಗೂ ಒಳ್ಳೆಯದು. ಆದರೆ ಗೋಡೆಯ ಜೊತೆಗೆ ಬಾಗಿಲೂ ಹೋಯಿತೆಂಬುದನ್ನು ಯಾರೂ ಯೋಚಿಸಿದಂತಿಲ್ಲ. ಮೊದಲಾದರೆ ಟಿ.ವಿ.ಯ ಗದ್ದಲ ಬೇಡವೆನಿಸಿದಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡರೆ ಮುಗಿಯುತ್ತಿತ್ತು. ಈಗ ಸಾರಿಗೆ ಒಗ್ಗರಣೆ ಹಾಕುವವಳ ಕಿವಿಯೊಳಗೇ ವಾರ್ತೆಯವರು ಜಗಳಕ್ಕೆ ನಿಲ್ಲುತ್ತಾರೆ.

ಇಂಥ ಮನೆಗೆ ಮ್ಯೂಸಿಕ್ ಸಿಸ್ಟಂ ಕೊಳ್ಳುವ ನಮ್ಮ ಕ್ರಮವನ್ನು ಸ್ವಲ್ಪ ವಿಮರ್ಶಿಸಬೇಕೆಂದು ನನಗೆ ಬಹಳ ದಿನಗಳಿಂದ ಅನ್ನಿಸಿದೆ. ಪರದೆಯ ಬಣ್ಣ, ಗ್ರಾನೈಟಿನ ಪಾಲಿಶು, ಸಿಂಕಿನ ಆಳ ಇವನ್ನೆಲ್ಲ ನಮ್ಮನ್ನು ಕೇಳಿಯೇ ಆರಿಸುತ್ತಾರೆ. ಸ್ಪೀಕರಿನ ಮಾತು ಬಂದೊಡನೆ ಅದು ಗಂಡಸರ ಇಲಾಖೆ. ಅಪ್ಪ ಮಗ ಇಬ್ಬರೂ ಹೋಗಿ, ಅಂಗಡಿಯ ಮೆತ್ತನೆಯ ಕುರ್ಚಿಯಲ್ಲಿ ಕೂತು, ಎದುರಿಗಿಟ್ಟ ಪೆಟ್ಟಿಗೆಯ ಸದ್ದು ಕೇಳಿ, "ಎಷ್ಟು ವ್ಯಾಟು?" ಎಂದು ವಿಚಾರಿಸಿ ಹೊತ್ತು ತರುತ್ತಾರೆ.

ಈ ವ್ಯಾಟಿನ ವ್ಯಾಮೋಹ ಹಳೆಯದು. 1990ರ ದಶಕದಲ್ಲಿ ಅಂಗೈಯಗಲದ ಸ್ಪೀಕರುಗಳ ಮೇಲೂ ಪಿ.ಎಂ.ಪಿ.ಒ. ಎಂದು ನೂರಾರು, ಸಾವಿರಾರು ವ್ಯಾಟಿನ ಚೀಟಿ ಇರುತ್ತಿತ್ತು. ಅದು ಕ್ಷಣಮಾತ್ರದ, ಕಾಗದದ ಮೇಲಿನ ಶಕ್ತಿ. ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುವ ಅಂಕೆ ಆರ್.ಎಂ.ಎಸ್. ಕೇಳುವುದಾದರೆ ಅದನ್ನು ಕೇಳಬೇಕು. ಅಲ್ಲೂ ಒಂದು ಸೂಕ್ಷ್ಮವಿದೆ. 50 ವ್ಯಾಟಿನ ಬದಲು 100 ವ್ಯಾಟು ತಂದರೆ ಏರುವುದು ಬರೀ 3 ಡೆಸಿಬಲ್. ಕಿವಿಗೆ ಸದ್ದು ಇಮ್ಮಡಿಯಾಯಿತು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಏರಬೇಕು. ಅದಕ್ಕೆ ಹತ್ತು ಪಟ್ಟು ಶಕ್ತಿ ಬೇಕು. ಒಂದು ವ್ಯಾಟಿನಲ್ಲಿ, ಒಂದು ಮೀಟರ್ ದೂರಕ್ಕೆ ಸ್ಪೀಕರು ಎಷ್ಟು ಸದ್ದು ಕೊಡುತ್ತದೆಂಬ 'ಸೆನ್ಸಿಟಿವಿಟಿ'ಯ ಅಂಕೆಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅದು 84 ಡೆಸಿಬಲ್ ಇರುವ ಸ್ಪೀಕರು ಮಾಡುವ ಸದ್ದನ್ನು 90 ಇರುವುದು ಕಾಲುಭಾಗ ಶಕ್ತಿಯಲ್ಲೇ ಮಾಡುತ್ತದೆ. ಉರಿಯಷ್ಟೇ ಅಲ್ಲ, ಪಾತ್ರೆಯೂ ಮುಖ್ಯವೆಂದು ಅಡುಗೆ ಮಾಡುವ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಇನ್ನು ಹಾಲಿನ ಮಾತು. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಹಳೆಯ ಕೋಣೆ 1,200 ಘನ ಅಡಿ. ಅಷ್ಟೇ ಎತ್ತರದ, 30 ಅಡಿಗೆ 20 ಅಡಿಯ ಹೊಸ ಬಯಲು 6,000 ಘನ ಅಡಿ. ಐದು ಪಟ್ಟು! ಸಾಲದ್ದಕ್ಕೆ ಕೆಳಗೆ ಟೈಲ್ಸು, ಪಕ್ಕದಲ್ಲಿ ಗಾಜು, ಕಟ್ಟೆಗೆ ಗ್ರಾನೈಟು. ಇವು ಸದ್ದನ್ನು ಹೀರುವುದು ಅತ್ಯಲ್ಪ, ಹಿಂದಕ್ಕೆ ಎಸೆಯುವುದೇ ಹೆಚ್ಚು. ಹೀಗೆ ಮರಳಿ ಬಂದ ಸದ್ದು ಹೊಸ ಮಾತಿನ ಮೇಲೆ ಬಿದ್ದು ಎಲ್ಲ ಕಲಸುಮೇಲೋಗರ. ಅರ್ಥವಾಗಲಿಲ್ಲವೆಂದು ವಾಲ್ಯೂಮು ಏರಿಸಿದರೆ ಆ ಗೊಂದಲವೂ ಜೊತೆಗೇ ಏರುತ್ತದೆ.

ಇದಕ್ಕೆ ಔಷಧ ಕಂಡುಕೊಂಡ ಕಥೆ ಸೊಗಸಾಗಿದೆ. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹೊಸ ಉಪನ್ಯಾಸ ಮಂದಿರವೊಂದರಲ್ಲಿ ಆಡಿದ ಮಾತು ತಿಳಿಯುತ್ತಿರಲಿಲ್ಲ. ವ್ಯಾಲೇಸ್ ಸೇಬಿನ್ ಎಂಬ ಭೌತವಿಜ್ಞಾನದ ಅಧ್ಯಾಪಕರು ರಾತ್ರಿ ಹೊತ್ತು ಹತ್ತಿರದ ರಂಗಮಂದಿರದಿಂದ ಆಸನದ ಮೆತ್ತೆಗಳನ್ನು ತರಿಸಿ, ಹೆಚ್ಚು ಹೆಚ್ಚಾಗಿ ಹರಡುತ್ತ, ಸದ್ದು ಎಷ್ಟು ಹೊತ್ತಿಗೆ ಅಡಗುತ್ತದೆಂದು ಅಳೆದರು. ಅಲ್ಲಿಂದ ಹುಟ್ಟಿದ ಸೂತ್ರ ಇಂದಿಗೂ ಸಭಾಂಗಣ ಕಟ್ಟುವವರಿಗೆ ಆಧಾರ. ಮೆತ್ತೆ! ಅದು ನಮ್ಮ ಇಲಾಖೆಯಲ್ಲವೆ? ದಪ್ಪ ಪರದೆ, ಬಟ್ಟೆಯ ಸೋಫಾ, ಪುಸ್ತಕ ತುಂಬಿದ ಕಪಾಟು, ನೆಲಕ್ಕೊಂದು ನವಲಗುಂದದ ಜಮಖಾನ ಇವೆಲ್ಲ ಅಲಂಕಾರ ಮಾತ್ರವಲ್ಲ, ಧ್ವನಿಯ ಸಲಕರಣೆಗಳು. ಇವಿಲ್ಲದ ಹಾಲಿನಲ್ಲಿ ಎಷ್ಟು ದುಬಾರಿ ಸ್ಪೀಕರು ತಂದಿಟ್ಟರೂ ಅರ್ಧ ದುಡ್ಡು ದಂಡ.

ದಾವಣಗೆರೆಯಲ್ಲಿರುವ ನನ್ನ ಅತ್ತಿಗೆಯ ಮನೆಯಲ್ಲಿ ಟಿ.ವಿ. ಕೆಳಗೆ ಉದ್ದನೆಯ ಸೌಂಡ್‌ಬಾರ್ ಒಂದಿತ್ತು. ಒಲೆಯ ಹತ್ತಿರ ಕೇಳಲೆಂದು ಬೆಳಗ್ಗೆ ಸುಪ್ರಭಾತವನ್ನು ಏರಿಸಿದರೆ, ಅದರ ಮುಂದೆಯೇ ಕಾಫಿ ಕುಡಿಯುವ ಮಾವನವರು ಕಿವಿಯ ಮೆಷಿನ್ನು ತೆಗೆದಿಡುವರು. ಇಳಿಸಿದರೆ ಕುಕ್ಕರು, ಚಿಮ್ನಿಗಳ ನಡುವೆ ಎಂ.ಎಸ್. ಸುಬ್ಬುಲಕ್ಷ್ಮಿಯವರ ದನಿ ಹುಡುಕಬೇಕು. ಇದು ಪೆಟ್ಟಿಗೆಯ ದೋಷವಲ್ಲ, ದೂರದ್ದು. ತೆರೆದ ಬಯಲಿನಲ್ಲಿ ದೂರ ಇಮ್ಮಡಿಯಾದಂತೆಲ್ಲ ಸದ್ದು 6 ಡೆಸಿಬಲ್ ಇಳಿಯುತ್ತದೆ. ಮನೆಯೊಳಗೆ ಅಷ್ಟು ಇಳಿಯದಿದ್ದರೂ ನೇರವಾಗಿ ಬರುವ ದನಿ ಸೊರಗಿ, ಗೋಡೆಗೆ ತಾಗಿ ಮರಳಿದ್ದೇ ಮೇಲುಗೈಯಾಗುತ್ತದೆ. ಊಟಕ್ಕೆ ಕೂತವರಿಗೆ ಎಲೆಯ ಬಳಿ ಹೋಗಿ ಬಡಿಸುತ್ತೇವೆಯೇ ಹೊರತು ಒಲೆಯ ಬಳಿಯಿಂದ ಎಸೆಯುವುದಿಲ್ಲ. ಧ್ವನಿಗೂ ಅದೇ ನ್ಯಾಯ. ಒಂದು ದೊಡ್ಡ ಪೆಟ್ಟಿಗೆ ದೂರದಿಂದ ಅರಚುವುದಕ್ಕಿಂತ ಎರಡು ಮೂರು ಸಾಧಾರಣ ಸ್ಪೀಕರುಗಳು ಹತ್ತಿರದಿಂದ ಮೆಲ್ಲಗೆ ನುಡಿಯುವುದು ಮೇಲು. ಒಂದೇ ಹಾಡನ್ನು ಏಕಕಾಲಕ್ಕೆ ನುಡಿಸುವ, ಒಂದೊಂದರ ವಾಲ್ಯೂಮನ್ನೂ ಬೇರೆ ಬೇರೆ ತಿರುಗಿಸಬಲ್ಲ ವೈಫೈ ಸ್ಪೀಕರುಗಳು ಈಗ ಸಿಗುತ್ತವೆ. ಅತ್ತಿಗೆ ಊಟದ ಮೇಜಿನ ಬಳಿಯ ಗೂಡಿಗೆ ಅಂಥದ್ದೊಂದು ತರಿಸಿಕೊಂಡರು. ಮಾವನವರ ಮೆಷಿನ್ನು ಕಿವಿಯಲ್ಲೇ ಉಳಿಯಿತು.

ಸೂರಿಗೆ ಸದ್ದು ಬಡಿಸಿ ಮೇಲಿನಿಂದ ಕೇಳಿಸುವ ಅಟ್ಮಾಸ್ ಪೆಟ್ಟಿಗೆಗಳಿಗೂ ಮರುಳಾಗಬೇಡಿ. ಅದಕ್ಕೆ ಸಮತಟ್ಟಾದ, ಅತಿ ಎತ್ತರವಲ್ಲದ ಸೂರು ಬೇಕು. ಎರಡು ಅಂತಸ್ತಿನಷ್ಟು ಎತ್ತರದ ಹಾಲಿನಲ್ಲಿ ಆ ಚಮತ್ಕಾರ ನಡೆಯದು.

ನನ್ನ ತಕರಾರು ಯಂತ್ರದ ಮೇಲಲ್ಲ. ಗೋಡೆಯಿಲ್ಲದ ಮನೆಯಲ್ಲಿ ಸದ್ದು ಗಾಳಿಯಂತೆ ಎಲ್ಲರ ಪಾಲಿನದು. ಹಾಗಿದ್ದೂ ಅದನ್ನು ಸಂಜೆ ಎರಡು ಗಂಟೆ ಸೋಫಾದಲ್ಲಿ ಕೂರುವವರ ಅಳತೆಗೆ ಕೊಳ್ಳುತ್ತೇವೆ. ದಿನವಿಡೀ ಅಲ್ಲೇ ಓಡಾಡುವವಳ ಕಿವಿ ಲೆಕ್ಕಕ್ಕಿಲ್ಲ. ಗೋಡೆ ಕೆಡವಿದ್ದೇವೆ, ಹಳೆಯ ಪದ್ಧತಿ ಹಾಗೇ ನಿಂತಿದೆ.

ಆದ್ದರಿಂದ ಮುಂದಿನ ಸಲ ಅಂಗಡಿಗೆ ನೀವೂ ಹೊರಡಿ. ಅವರು ಹಾಕುವ ಗುಡುಗು ಸಿಡಿಲಿನ ಸಿನಿಮಾ ಬೇಡವೆನ್ನಿ. ನಿಮಗೆ ಬಾಯಿಪಾಠವಾಗಿರುವ ಒಂದು ಭಾವಗೀತೆಯನ್ನೋ, ಗಂಗೂಬಾಯಿ ಹಾನಗಲ್ಲರ ಗಂಭೀರ ಕಂಠವನ್ನೋ ಹಾಕಿಸಿ. ಕುರ್ಚಿಯಲ್ಲಿ ಕೂರಬೇಡಿ. ಹತ್ತು ಹನ್ನೆರಡು ಹೆಜ್ಜೆ ದೂರ ಹೋಗಿ, ಒಲೆಯ ಮುಂದೆ ನಿಲ್ಲುವಂತೆ ಬೆನ್ನು ತಿರುಗಿಸಿ ನಿಂತು ಕೇಳಿ. ಅಲ್ಲಿ ಮಾತು ಬಿಡಿಬಿಡಿಯಾಗಿ ತಿಳಿದರೆ, ಆಮೇಲೆ ಬೆಲೆಯ ಮಾತು.