ಕೇಸ್‌ಶೀಟಿನ ಮೇಲಿನ ಕೆಂಪು ಗುರುತು

ಎಚ್‌ಐವಿ ಇರುವವರನ್ನು ಆಸ್ಪತ್ರೆಯಿಂದ ಸಾಗಹಾಕುವಾಗ ಹೆಚ್ಚಿನ ಸಲ ಯಾರೂ ಗದರುವುದಿಲ್ಲ. ‘ನಮ್ಮಲ್ಲಿ ಸೌಲಭ್ಯ ಇಲ್ಲಮ್ಮ, ಜಿಲ್ಲಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆದುಕೊಡುತ್ತಾರೆ. ಆಪರೇಷನ್ ಪಟ್ಟಿಯಲ್ಲಿ ಹೆಸರು ಕೆಳಕೆಳಕ್ಕೆ ಜಾರಿ ಸಂಜೆಗೆ ‘ನಾಳೆ ನೋಡೋಣ’ ಆಗುತ್ತದೆ. ಕೇಸ್‌ಶೀಟಿನ ಮೇಲೋ ಮಂಚದ ತಲೆದೆಸೆಯಲ್ಲೋ ಕೆಂಪು ಶಾಯಿಯ ಗುರುತು ಬೀಳುತ್ತದೆ. ನೆಲ ಒರೆಸುವವರಿಂದ ಪಕ್ಕದ ಮಂಚದ ನೆಂಟರವರೆಗೆ ಎಲ್ಲರಿಗೂ ಅದರ ಅರ್ಥ ಗೊತ್ತು.

ಇದನ್ನು ತಡೆಯಲೆಂದೇ 2017ರಲ್ಲಿ ಎಚ್‌ಐವಿ–ಏಡ್ಸ್ ಕಾಯ್ದೆ ಬಂತು. ಜಾರಿಯಾದದ್ದು 2018ರ ಸೆಪ್ಟೆಂಬರ್ 10ರಂದು. ಖಾಸಗಿ ಆಸ್ಪತ್ರೆಗಳನ್ನೂ ಅದು ಕಟ್ಟಿಹಾಕುತ್ತದೆ. ಚಿಕಿತ್ಸೆ ನಿರಾಕರಿಸುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷಿಸುವಂತಿಲ್ಲ, ಗುಟ್ಟು ರಟ್ಟು ಮಾಡುವಂತಿಲ್ಲ. ನನ್ನ ದೃಷ್ಟಿಯಲ್ಲಿ ಇಡೀ ಕಾಯ್ದೆಯ ಜೀವ ಇರುವುದು 19ನೇ ಕಲಮಿನಲ್ಲಿ. ಸೋಂಕು ತಗುಲಬಹುದಾದ ಕೆಲಸ ಮಾಡುವ ಸಿಬ್ಬಂದಿಗೆಲ್ಲ ರಕ್ಷಣಾ ಸಾಮಗ್ರಿಯನ್ನೂ ತರಬೇತಿಯನ್ನೂ ಕೊಡಬೇಕು ಎನ್ನುತ್ತದೆ ಅದು. ದಾದಿಯ ಭಯ ಸುಳ್ಳಲ್ಲ. ಆದರೆ ಗ್ಲೌಸು ‘ಪಾಸಿಟಿವ್’ ರೋಗಿಗೆ ಮಾತ್ರ ಹೊರಬಂದರೆ ಆಕೆಗೆ ರಕ್ಷಣೆ ಸಿಗುವುದಿಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ಪರೀಕ್ಷೆಯೂ ನೆಗೆಟಿವ್ ಎನ್ನಬಹುದು. 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಎಆರ್‌ಟಿ ಮಾತ್ರೆಯನ್ನು ತಪ್ಪದೆ ನುಂಗುವವರ ರಕ್ತದಲ್ಲಿ ವೈರಸ್ ಲೆಕ್ಕಕ್ಕೆ ಸಿಗದಷ್ಟು ತಗ್ಗಿರುತ್ತದೆ. ಕೆಂಪು ಗುರುತು ಬೀಳುವುದು ಇವರ ಮೇಲೆ. ತನಗೆ ಸೋಂಕಿದೆಯೆಂದೇ ಅರಿಯದವನ ಹಾಳೆ ಬೆಳ್ಳಗಿರುತ್ತದೆ. ಎಲ್ಲ ರೋಗಿಗಳಿಗೂ ಒಂದೇ ಎಚ್ಚರಿಕೆ ವಹಿಸುವ ಕಡೆ ಗುರುತಿನ ಅಗತ್ಯವೇ ಬೀಳುವುದಿಲ್ಲ.

ಕಾಯ್ದೆ ಎಡವುವುದು ದೂರಿನ ದಾರಿಯಲ್ಲಿ. 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಆಸ್ಪತ್ರೆ ತನ್ನಲ್ಲೇ ದೂರು ಅಧಿಕಾರಿಯನ್ನು ನೇಮಿಸಬೇಕು. ಅಂದರೆ ನೊಂದವಳು ನೋಯಿಸಿದವರ ಅಂಗಳಕ್ಕೇ ಮರಳಬೇಕು. ಅದಕ್ಕಿಂತ ಸಣ್ಣ ನರ್ಸಿಂಗ್ ಹೋಮುಗಳಿಗೆ, ತಾಲ್ಲೂಕುಗಳಲ್ಲಿ ಇರುವುದೇ ಹೆಚ್ಚಾಗಿ ಅವು, ಈ ನಿಯಮವಿಲ್ಲ. ಈ ಕಾಯ್ದೆಯಡಿ ದೂರು ಆಲಿಸುವ ರಾಜ್ಯದ ಓಂಬುಡ್ಸ್‌ಮನ್ ವೈದ್ಯಕೀಯ ತುರ್ತು ಸಂದರ್ಭದಲ್ಲಿ ಸಾಧ್ಯವಾದಷ್ಟು 24 ಗಂಟೆಯೊಳಗೆ ಆದೇಶ ಕೊಡಬೇಕೆಂದಿರುವುದು ಒಳ್ಳೆಯದೇ. ಆ ಆದೇಶ ಮೀರಿದರೆ ದಂಡ ಹೆಚ್ಚೆಂದರೆ 10,000 ರೂಪಾಯಿ, ಮೀರುತ್ತಲೇ ಹೋದರೆ ದಿನಕ್ಕೆ 5,000ದವರೆಗೆ. ದೊಡ್ಡ ಆಸ್ಪತ್ರೆಯೊಂದಕ್ಕೆ ಇದು ಯಾವ ಲೆಕ್ಕ? ಚಿಕಿತ್ಸೆ ಒದಗಿಸುವ ಸರ್ಕಾರದ ಹೊಣೆಗೂ ‘ಸಾಧ್ಯವಾದ ಮಟ್ಟಿಗೆ’ ಎಂಬ ಮಾತು ಅಂಟಿಕೊಂಡಿದೆ. ಬದುಕಿಡೀ ನುಂಗಬೇಕಾದ ಮಾತ್ರೆಯ ವಿಷಯದಲ್ಲಿ ಈ ಸಡಿಲವನ್ನು ನಾನು ಒಪ್ಪಲಾರೆ.

ನ್ಯಾಯಾಲಯದಲ್ಲಿ ಹೆಸರು ಮರೆಮಾಚುವ ಅವಕಾಶವನ್ನು 34ನೇ ಕಲಮು ಕೊಟ್ಟಿದೆ. ಆಸ್ಪತ್ರೆಯ ಕೌಂಟರಿನಲ್ಲಿ ಆ ಮರೆ ಎಲ್ಲಿದೆ? ಅಲ್ಲಿ ‘ದೂರು ಅಧಿಕಾರಿ ಯಾರು’ ಎಂದು ಕೇಳಿದೊಡನೆ ಕೇಳಿದವರ ಗುಟ್ಟು ಬಯಲಾಗುತ್ತದೆ. ಅದಕ್ಕೇ ಸೋಂಕಿಲ್ಲದ ನಾವು ಕೇಳಬೇಕು. ಜ್ವರಕ್ಕೋ ಸಕ್ಕರೆ ಕಾಯಿಲೆಗೋ ಆಸ್ಪತ್ರೆಗೆ ಹೋದಾಗ, ಎಚ್‌ಐವಿ ಕಾಯ್ದೆಯ ದೂರು ಅಧಿಕಾರಿಯ ಹೆಸರು ಯಾವ ಫಲಕದ ಮೇಲಿದೆ ಎಂದು ದಯವಿಟ್ಟು ಗಟ್ಟಿಯಾಗಿ ಕೇಳಿ.